ಕನ್ನಡಿಯ ಕವರು ಹಿಡಿಯುತ್ತಿದ್ದವಳು

ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯ ಬದಿಗೆ ನಮ್ಮದೊಂದು ತಗಡಿನ ಶೆಡ್ಡು. ಅಲ್ಲಿ ನನ್ನ ಗಂಡ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು, ನಾನು ಹಿಡಿಯುತ್ತಿದ್ದೆ. ಬಾನೆಟ್ಟು, ಬಾಗಿಲುಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟರೆ ಆಯಿತು. ಆದರೆ ಸೈಡ್ ಕನ್ನಡಿಯ ಕವರು, ಬಾಗಿಲ ಹಿಡಿಕೆ, ಪೆಟ್ರೋಲ್ ಟಾಕಿಯ ಮುಚ್ಚಳ ಇವೆಲ್ಲ ತೀರ ಹಗುರ. ಸ್ಪ್ರೇ ಗನ್ನಿನ ಗಾಳಿ ತಾಗಿದರೆ ಸಾಕು, ಅಲುಗಾಡುತ್ತವೆ. ಅವನ್ನು ಒಳಗಿನಿಂದ ಬೆರಳಲ್ಲಿ ಒತ್ತಿ ಹಿಡಿದು, ಮೊಣಕೈಯನ್ನು ಮೊಣಕಾಲಿಗೆ ಊರಿ, ಅವರ ಎದುರು ಕೂರುತ್ತಿದ್ದೆ.

"ತಿರುವು," ಅನ್ನುತ್ತಿದ್ದರು. ಒಂಚೂರು ತಿರುವುತ್ತಿದ್ದೆ. "ಸಾಕ, ಅಲಗಾಡಬ್ಯಾಡ." ಬಣ್ಣದ ತುಂತುರು ಮಣಿಕಟ್ಟಿಗೆ ತಣ್ಣಗೆ ತಾಗುತ್ತಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ಎದುರುಬದುರು ಕೂತದ್ದು ಹೆಚ್ಚಾಗಿ ಹಾಗೆಯೇ.

ಆಮೇಲೆ ಅವರಿಗೆ ದಮ್ಮು ಹತ್ತಿತು. ಮಿರಜದಲ್ಲಿ ಡಾಕ್ಟರು ಎದೆಯ ಫೋಟೋ ನೋಡಿ, "ಬಣ್ಣದ ವಾಸನಿ ಇನ್ಮ್ಯಾಲ ಇವರ ಮೂಗಿಗೆ ಬೀಳಬಾರ್ದು. ನೀವೂ ಮಾಸ್ಕ್ ಇಲ್ಲದ ನಿಂದರಬ್ಯಾಡ್ರಿ" ಎಂದರು. ನಮ್ಮ ಮನೆಯೆಂದರೆ ಶೆಡ್ಡಿನ ಹಿಂದಿನ ಒಂದೇ ಖೋಲಿ. ಹೀಗಾಗಿ ಅವರು ಸದಲಗಾಕ್ಕೆ, ತಮ್ಮ ಅಣ್ಣನ ಮನೆಗೆ ಹೋದರು. ನಾನು ಶೆಡ್ಡಿನಲ್ಲಿ ಉಳಿದೆ. ಗನ್ನು ಹಿಡಿಯುವುದನ್ನು ಅವರು ಮೊದಲೇ ಕಲಿಸಿದ್ದರು. ಇಬ್ಬರ ಹೊಟ್ಟೆಯೂ ನಡೆಯಬೇಕಿತ್ತು.

ಒಂದು ದಿನ ಬೆಳಿಗ್ಗೆ ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಕೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿದರು. ಹಳೆಯ ಗಿರಾಕಿ. ಗೀರು ಬಿದ್ದಿದ್ದ ಎರಡು ಕೆಂಪು ಕವರು ಬಿಚ್ಚಿ ಕೊಟ್ಟರು.

"ವೈನಿ, ಅಣ್ಣಾರು ಎಲ್ಲಿ ಅದಾರ್ರಿ?"

"ಅವರಿಗೆ ಆರಾಮಿಲ್ರಿ. ನಾನ ಹೊಡಿತೇನಿ."

ಅವರು ಶೆಡ್ಡಿನೊಳಗೆ ಒಮ್ಮೆ ಇಣುಕಿ, "ನಾಳೆ ಹೊಳ್ಳಿ ಹೋಗೂ ಮುಂದ ಒಯ್ತೇನ್ರಿ" ಎಂದು ಹೊರಟರು.

ಮೊದಲು ಕವರನ್ನು ತಂತಿಗೆ ತೂಗುಹಾಕಿದೆ. ಗನ್ನು ಒತ್ತುತ್ತಲೇ ಅದು ಗಿರಕಿ ಹೊಡೆಯಿತು. ಒಂದು ಕಡೆ ಬಣ್ಣವೇ ಕೂರಲಿಲ್ಲ, ಇನ್ನೊಂದು ಕಡೆ ದಪ್ಪಗೆ ಬಿದ್ದು ಕೆಳಗೆ ಇಳಿಯಿತು. ಥಿನ್ನರ್ ಹಚ್ಚಿ ಎಲ್ಲ ಒರೆಸಿ ಹಾಕಿದೆ. ನಾನು ಕೂರುತ್ತಿದ್ದ ಸ್ಟೂಲು ಎದುರಿಗೇ ಖಾಲಿ ಇತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆ. ನನ್ನ ಕೈ ಅಲ್ಲಿ ಏನು ಮಾಡುತ್ತಿತ್ತು ಎಂದು ನೆನಪು ಮಾಡಿಕೊಂಡೆ. ಅದು ಮೇಲಿನಿಂದ ತೂಗುತ್ತಿರಲಿಲ್ಲ, ಒಳಗಿನಿಂದ ಒತ್ತುತ್ತಿತ್ತು.

ಒಂದು ಬಾಟಲಿಗೆ ಉಸುಕು ತುಂಬಿ, ಕುತ್ತಿಗೆಗೆ ಎರಡೂ ಕಡೆ ಅಂಟುವ ಟೇಪು ಸುತ್ತಿ, ಕವರಿನ ಹೊಟ್ಟೆಯೊಳಗೆ ಒತ್ತಿ ಕೂರಿಸಿದೆ. ಬಾಟಲಿಯನ್ನು ಸ್ಟೂಲಿನ ಮೇಲೆ ಇಟ್ಟೆ. ಗಾಳಿ ಬಿಟ್ಟು ನೋಡಿದೆ, ಅಲುಗಲಿಲ್ಲ. ಮಾಸ್ಕು ಬಿಗಿದುಕೊಂಡು, ಈ ಅಂಚಿನ ಹೊರಗಿನಿಂದ ಆ ಅಂಚಿನ ಹೊರಗಿನವರೆಗೆ ಒಂದೇ ಸಮನೆ ಕೈ ಎಳೆದೆ. ತೆಳ್ಳಗೆ, ನುಣ್ಣಗೆ ಕೂತಿತು.

"ತಿರುವು," ಎಂದೆ.

ಮಾಸ್ಕಿನೊಳಗೆ ನನ್ನದೇ ದನಿ ಕೇಳಿ ಕೈ ನಿಂತಿತು. ಆಮೇಲೆ ಎಡಗೈ ಚಾಚಿ ಬಾಟಲಿಯನ್ನು ನಾನೇ ತಿರುವಿದೆ.

ಮರುದಿನ ಆ ಗಿರಾಕಿ ಕವರುಗಳನ್ನು ಬಿಸಿಲಿಗೆ ಹಿಡಿದು ನೋಡಿ, "ಅಣ್ಣಾರ ಕೈ ಹಂಗ ಐತ್ರಿ, ಫರಕ್ ತಿಳಿಯೂದಿಲ್ಲ" ಎಂದು ಗಾಡಿ ಹತ್ತಿದರು. ಖುಷಿಯಾಯಿತು. ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಮುಂದೆ ಗುಜರಿಯ ಒಂದು ಕವರಿಗೆ ಹಾಗೆಯೇ ಬಣ್ಣ ಹೊಡೆದು, ವಾಸನೆ ಪೂರ್ತಿ ಹೋಗುವ ತನಕ ಒಣಗಿಸಿ, ಒಂದು ರವಿವಾರ ಸದಲಗಾಕ್ಕೆ ಒಯ್ದೆ. ತಲೆಗೆ ಎರಡೆರಡು ಸಲ ಎರೆದುಕೊಂಡರೂ ಕೂದಲಿನ ಥಿನ್ನರ್ ವಾಸನೆ ಹೋಗುವುದಿಲ್ಲ. ಅದಕ್ಕೇ ನಾನು ಹೋದಾಗಲೆಲ್ಲ ಅಂಗಳದ ಕಟ್ಟೆಯ ಮೇಲೆ ಕೂರುತ್ತೇನೆ, ಅವರು ಹೊಸ್ತಿಲಲ್ಲಿ ಕೂರುತ್ತಾರೆ. ಕವರನ್ನು ನಡುವೆ ಇಟ್ಟು ಹಿಂದೆ ಸರಿದೆ. ಅವರು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಚೊಲೊ ಕುಂತೈತಿ. ಹಿಡದಾರು ಯಾರ?"

"ಬಾಟ್ಲಿ ಹಿಡದೈತ್ರಿ."

ಅವರು ನಕ್ಕರು. ನಗು ಕೆಮ್ಮಾಯಿತು. ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಬಿಸಿನೀರು ತಂದು ಕೊಟ್ಟರು. ನಾನು ಎದ್ದು ಇನ್ನೂ ಸ್ವಲ್ಪ ದೂರ, ಬಾವಿಯ ಹತ್ತಿರ ನಿಂತೆ. ಕೆಮ್ಮು ಇಳಿದ ಮೇಲೆ ಅವರು ಕವರನ್ನು ಹೊರಳಿಸಿ ಒಳಭಾಗ ನೋಡಿದರು.

"ಒಳಗ ನಿನ್ನ ಬೆರಳ ಇಲ್ಲಲಾ," ಎಂದರು.

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. ನಾನು ಹಿಡಿದ ಪ್ರತಿಯೊಂದು ಕವರಿನೊಳಗೂ ಅಂಚು ದಾಟಿ ಹಾರಿದ ಬಣ್ಣ ಬೆರಳು ಒತ್ತಿದ ಜಾಗಕ್ಕೆ ಮಾತ್ರ ತಾಗದೆ ಗುರುತು ಉಳಿಯುತ್ತಿತ್ತಂತೆ. ಗಾಡಿಗೆ ಕೂರಿಸಿದ ಮೇಲೆ ಅದು ಯಾರಿಗೂ ಕಾಣುವಂಥದ್ದಲ್ಲ.

"ಜೋಡಸೂಕಿಂತ ಮದಲ ಒಮ್ಮೆ ನೋಡ್ತಿದ್ದೆ," ಎಂದರು.

ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ಅವರು ಅದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನು ಬಾವಿಯ ಹತ್ತಿರದಿಂದಲೇ, "ಔಷಧ ತಗೊಂಡ್ರೇನ್ರಿ?" ಎಂದು ಕೇಳಿದೆ. ಹೂಂ ಎಂದರು. ಕವರನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಸಂಜೆಯ ನಿಪ್ಪಾಣಿ ಬಸ್ಸು ತುಂಬಿತ್ತು. ಬಸ್ಸು ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸು ನನ್ನ ಕೂದಲಿನ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದು, ಜಾಗ ಸಿಕ್ಕ ಕೂಡಲೆ ಎದ್ದು ಮುಂದೆ ಹೋದಳು. ನಾನು ಕಿಟಕಿಯ ಗಾಜು ಸರಿಸಿ ಗಾಳಿಗೆ ಮುಖ ಕೊಟ್ಟು ಕೂತೆ.