ನೀರಿಗೆ ಹೆಪ್ಪು

ಹುಮನಾಬಾದಿನ ಆ ಅಕ್ವೇರಿಯಂ ಅಂಗಡಿಯವರು ಮೊದಲು ಮೀನು ನೋಡುತ್ತಿರಲಿಲ್ಲ; ಕಣ್ಣು ಮುಚ್ಚಿ ನೀರು ಮೂಸುತ್ತಿದ್ದರು. ಯಾವ ಪ್ರಶ್ನೆಗೂ ತಾಳ್ಮೆಯೇ ಅವರ ಮೊದಲ ಉತ್ತರ: “ಜರಾ ಸಬರ್ ಮಾಡ್ರಿ.”

ಅಕ್ಕ ತೀರಿಕೊಂಡ ಮೇಲೆ ಅವಳ ಐದಡಿ ಟ್ಯಾಂಕಿನ ಗೋಲ್ಡ್‌ಫಿಶ್‌ಗಳು ಒಂದೊಂದಾಗಿ ಸಾಯತೊಡಗಿದ್ದವು. ನಾಲ್ಕೇ ಉಳಿದಾಗ ಅವರನ್ನು ಬಸವಕಲ್ಯಾಣದ ನಮ್ಮ ಮನೆಗೆ ಕರೆಸಿದೆ.

“ಬೆಸ್ಟ್ ಫಿಲ್ಟರ್ ಹಾಕ್ರಿ, ಎಷ್ಟು ದೊಡ್ಡದಿದ್ರೂ ನಡೀತದ,” ಎಂದೆ.

“ಈಗಿಂದು ಹ್ಯಾಂಗ ತೊಳೀತೀರಿ, ಅಮ್ಮಾ?”

“ದಿನಾ ನಳದ ಕೆಳಗ. ಕಾನ್ವೆಂಟ್ ಸಾಲ್ಯಾಗ ಸಿಸ್ಟರ್ಸ್ ಏನಿದ್ರೂ ದಿನಾ ತೊಳೀಬೇಕಂತ ಕಲಿಸ್ಯಾರ.”

ಅವರು ನಕ್ಕುಬಿಟ್ಟರು. “ನೀರು ಸಾಫ್ ಮಾಡೋ ಸಣ್ಣ ಜೀವಾ ಸ್ಪಂಜಿನಾಗೇ ಇರ್ತಾವ್ರಿ. ನೀವು ಅವನ್ನೇ ತೊಳದು ಚೆಲ್ಲಾಕತ್ತೀರಿ!”

ಮರುದಿನ ಸಾದಾ ಸ್ಪಂಜ್ ಫಿಲ್ಟರೊಂದನ್ನು ತಂದರು. ಜೊತೆಗೆ ಒದ್ದೆ ಚೀಲದಲ್ಲಿ ತಮ್ಮ ಅಂಗಡಿಯ ಟ್ಯಾಂಕಿನದೇ ಕಂದುಗಟ್ಟಿದ ಹಳೆಯ ಸ್ಪಂಜು. ಅದನ್ನು ಹೊಸದರ ಮಗ್ಗುಲಿಗೆ ಮೆಲ್ಲಗೆ ಇಳಿಸಿ, “ಹಾಲಿಗಿ ಹೆಪ್ಪು ಹಾಕಿದಂಗ್ರಿ. ಜರಾ ಸಬರ್ ಮಾಡ್ರಿ,” ಎಂದರು.

ನಾಲ್ಕೂ ಬದುಕಿದವು.

ಥ್ಯಾಂಕ್ಸ್ ಹೇಳಲೆಂದು ಅವರ ಅಂಗಡಿಗೆ ಹೋದಾಗ ಅಲ್ಲಿ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು. ಅವರು ಎಲ್ಲಿಗೆ ಹೋದರೋ, ಪಕ್ಕದವರಿಗೂ ಗೊತ್ತಿರಲಿಲ್ಲ.

ಆ ಕಂದು ಸ್ಪಂಜು ಈಗ ಸವೆದು ಎಳೆ ಬಿಡುತ್ತಿದೆ. ಬದಲಿಸಲು ಹೊಸದು ತಂದು ಡ್ರಾಯರಿನಲ್ಲಿಟ್ಟು ವರ್ಷವಾಯಿತು. ಸಬರ್ ಮಾಡುತ್ತಿದ್ದೇನೆ.