ನಾಲ್ಕನೇ ನಂಬರಿನ ಬುಟ್ಟಿಗಳು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಮದರಾಸಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೆ. ಅದರಲ್ಲೂ ದುಡಿಯುವ ಜಾಗದ ಮನಶ್ಶಾಸ್ತ್ರ: ಕೆಲಸದಲ್ಲಿ ಮನುಷ್ಯ ಯಾವ ಹೊತ್ತಿಗೆ ದಣಿಯುತ್ತಾನೆ, ಬೇಸರ ಬಂದರೆ ಕೈ ಎಷ್ಟು ನಿಧಾನವಾಗುತ್ತದೆ, ಇಂಥವು. ಕಂಪ್ಲಿಯ ನಮ್ಮ ಮನೆಯಲ್ಲಿ ಇದನ್ನು ಯಾರಿಗೂ ತಿಳಿಸಿಹೇಳಲು ನನ್ನಿಂದ ಆಗಲಿಲ್ಲ. “ದಣಿದೋರ್ನ ನೋಡಾಕ ಮದರಾಸಿಗೆ ಯಾಕ ಹೋಗ್ತಿಲೇ? ನಾಟಿ ದಿನ ನಮ್ಮ ಗದ್ದಿಗೆ ಬಾ, ಬೇಕಾದಷ್ಟು ಮಂದಿ ಸಿಗ್ತಾರ” ಎಂದು ದೊಡ್ಡಪ್ಪ ನಗುತ್ತಿದ್ದ.

ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಹೊಸಪೇಟೆ ಸ್ಟೇಷನ್ನಿನ ಹತ್ತಿರದ ಒಂದು ಅದಿರಿನ ಯಾರ್ಡು. ಸಂಡೂರಿನ ಗುಡ್ಡಗಳಿಂದ ಮ್ಯಾಂಗನೀಸ್ ಅದಿರು ಅಲ್ಲಿಗೆ ಬಂದು ಬೀಳುತ್ತಿತ್ತು. ವ್ಯಾಗನ್ನಿಗೆ ತುಂಬುವ ಮೊದಲು ಆರು ಜನ ಹೆಂಗಸರು ತಗಡಿನ ಚಪ್ಪರದ ಕೆಳಗೆ ಸಾಲಾಗಿ ಕೂತು ಒಳ್ಳೆಯ ಅದಿರನ್ನು ಕೆಂಪು ಕಲ್ಲಿನಿಂದ ಬೇರೆ ಮಾಡಿ ಬುಟ್ಟಿಗೆ ಹಾಕುತ್ತಿದ್ದರು. ಹಾಜರಿಯಲ್ಲಿ ಅವರಿಗೆ ಹೆಸರಿರಲಿಲ್ಲ, ನಂಬರುಗಳಿದ್ದವು. ನನ್ನ ಕೆಲಸ ಕಂಬಕ್ಕೆ ಒರಗಿ ನಿಂತು, ಗಡಿಯಾರ ಹಿಡಿದು, ಯಾರು ಎಷ್ಟು ಹೊತ್ತಿಗೆ ಎಷ್ಟು ಬುಟ್ಟಿ ತುಂಬಿದರು ಎಂದು ಹಾಳೆಯ ಮೇಲೆ ಗೀಟು ಹಾಕುವುದು. ಎರಡು ವಾರ ಬೆಳಗಿನಿಂದ ಸಂಜೆಯವರೆಗೆ ಹಾಕಿದೆ.

ನಾಲ್ಕನೇ ನಂಬರಿನಾಕೆ ಎಲ್ಲರಿಗಿಂತ ಹಿರಿಯಳು. ಉಳಿದವರು ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಅವಳ ಬುಟ್ಟಿಗಳು ಎಲ್ಲರಿಗಿಂತ ಕಡಿಮೆ. ಕೈಯಲ್ಲಿ ಕಲ್ಲು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದಳು. ಅಂಥ ಗಳಿಗೆಗಳಿಗೆಲ್ಲ ನಾನು “ಗಮನವಿಲ್ಲ” ಎಂದು ಬರೆದುಕೊಂಡಿದ್ದೆ.

ಎರಡನೇ ವಾರದ ಶನಿವಾರ ಯಾರ್ಡಿನ ಮ್ಯಾನೇಜರು ನನ್ನನ್ನು ಕೋಣೆಗೆ ಕರೆದರು. “ಬರ್ರಿ ಮನಸ್ಸಿನ ಡಾಕ್ಟರೇ, ಕುಂದ್ರಿ” ಎಂದು ನನ್ನ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನಾನೇ ಕೊಟ್ಟೆನೋ, ಅವರೇ ಎಳೆದುಕೊಂಡರೋ, ಇವತ್ತಿಗೂ ಖಚಿತವಿಲ್ಲ. ಎಳೆದುಕೊಂಡರು ಎಂದೇ ನನಗೆ ನೆನಪು. ಆದರೆ ಹಾಗೆ ನೆನಪಿರುವುದು ನನಗೆ ಅನುಕೂಲ ಎಂಬುದೂ ಗೊತ್ತು.

“ಆರು ಮಂದ್ಯಾಗ ಒಬ್ಬಾಕಿನ ತೆಗೀರಿ ಅಂತ ಮ್ಯಾಲಿಂದ ಹೇಳ್ಯಾರ. ಯಾರನ್ನ ತೆಗೀಲಿ ಅಂತ ತಲಿ ಕೆಡಿಸ್ಕೊಂಡಿದ್ದೆ. ನೀವು ಬರ್ದೇ ಕೊಟ್ಟೀರಿ.” ಅವರ ಬೆರಳು ನಾಲ್ಕನೇ ಸಾಲಿನ ಮೇಲಿತ್ತು. “ಸೋಮವಾರ ಹಾಜರಿಗೆ ಈ ನಂಬರು ಕೂಗಂಗಿಲ್ಲ.”

ಹೊರಗೆ ಬಂದಾಗ ಹೆಂಗಸರು ಊಟದ ಗಂಟು ಬಿಚ್ಚಿಕೊಂಡು ಕೂತಿದ್ದರು. ನಾನು ಅವಳನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವಳು ಕೈಯಲ್ಲಿದ್ದ ಗಂಟನ್ನು ಮತ್ತೆ ಕಟ್ಟಿದಳು.

“ಎರಡು ವಾರ ನಿಂತು ಏನ್ ನೋಡಿದ್ರಿ ಧಣಿ ನೀವು?” ಎಂದಳು ಆಮೇಲೆ. “ಮುಂದಿಂದ ನೋಡಿದ್ರಿ. ಊಟ ಆದ ಮ್ಯಾಲೆ ಹಿಂದ ಬಂದು ನಿಂದರ್ರಿ.”

ಮಧ್ಯಾಹ್ನ ಅವರ ಬೆನ್ನ ಹಿಂದೆ ನಿಂತೆ. ಆಗ ಕಂಡಿತು. ಅದಿರೋ ಕೆಂಪು ಕಲ್ಲೋ ಎಂದು ಗೊತ್ತಾಗದ ಕಲ್ಲು ಸಿಕ್ಕರೆ ಐದೂ ಜನ ಅದನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ಬೆನ್ನ ಹಿಂದೆ ಹಾಸಿದ ಗೋಣಿಚೀಲದ ಮೇಲೆ ಕೈಯಿಂದ ಕೈಗೆ ಸರಿಸುತ್ತಿದ್ದರು. ಎಲ್ಲವೂ ನಾಲ್ಕನೆಯವಳ ಹತ್ತಿರ ಬಂದು ನಿಲ್ಲುತ್ತಿದ್ದವು. ಅವಳು ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಒರಟು ಬಂಡೆಯ ಮೇಲೆ ಗೀರಿ, ಗೀರು ಕಪ್ಪಾದರೆ, ಅಂದರೆ ಅದು ಅದಿರೇ ಆದರೆ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತಿದ್ದಳು. ಅದು ಸೇರುತ್ತಿದ್ದುದು ಕಳಿಸಿದವಳ ಬುಟ್ಟಿಗೆ. ನಾನು “ಗಮನವಿಲ್ಲ” ಎಂದು ಬರೆದ ಹೊತ್ತಿನಲ್ಲೆಲ್ಲ ಅವಳು ಐವರ ಕೆಲಸ ಮಾಡುತ್ತಿದ್ದಳು.

“ಈಗಲೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ” ಎಂದೆ.

ಅವಳು ನನ್ನ ತೋಳು ಹಿಡಿದಳು. ಕರಿ ಬೆರಳಿನ ಗುರುತು ಅಂಗಿಯ ಮೇಲೆ ಮೂಡಿತು. “ಹೇಳಬ್ಯಾಡ್ರಿ. ಹೇಳಿದ್ರ ನನ್ನ ಇಟ್ಕೋತಾನ. ಈ ಐದು ಮಂದಿಗೆ ಕಲ್ಲ ಗೊತ್ತಾಗಂಗಿಲ್ಲಂತ ತಿಳಿದ್ರ ಇವ್ರನ್ನ ಯಾಕ ಇಟ್ಕೋತಾನ? ಎಲ್ಲಾ ಮೊನ್ನಿ ಮೊನ್ನಿ ಬಂದಾವ. ಆ ತುದಿಗೆ ಕುಂತಾಕಿ ಮೆಟ್ರಿ ಊರಿಂದ ಬಂದು ತಿಂಗಳಾತು. ಇನ್ನೊಂದು ಬ್ಯಾಸಗಿ ಹೋದ್ರ ಕಲೀತಾವ.”

“ಮತ್ತೆ ನಿಮ್ಮ ಕೆಲಸ?”

“ಅದನ್ನ ನೀವು ತೆಗೆದೀರಿ. ನೀವ ನೋಡ್ರಿ.”

ಮರುದಿನ ಭಾನುವಾರ, ರಜೆ. ಹೊಸಪೇಟೆಯಲ್ಲಿ ನಾನು ಇಳಿದುಕೊಂಡಿದ್ದ ಸೋದರತ್ತೆಯ ಮನೆಯಲ್ಲಿ ಕೂರಲಾಗದೆ ಮಾವನ ಸೈಕಲ್ಲು ತೆಗೆದುಕೊಂಡು ಹಂಪಿಗೆ ಹೋದೆ. ಹೊಳೆಯ ದಂಡೆಯಲ್ಲಿ ಬಂಡೆಯ ನೆರಳು ಹುಡುಕಿ ಕೂತೆ. ಹೊಳೆ ತುಂಬಿ ಹರಿಯುತ್ತಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅದು ಕಡು ಬೇಸಿಗೆ, ಹೊಳೆ ತುಂಬಿರಲು ಸಾಧ್ಯವೇ ಇಲ್ಲ. ನೀರಿನ ವಿಷಯದಲ್ಲೇ ಹೀಗಾದರೆ ಅವತ್ತು ನಾನು ಏನೇನು ಯೋಚಿಸಿದೆ ಎಂಬುದನ್ನು ಎಷ್ಟರಮಟ್ಟಿಗೆ ನಂಬಲಿ? ನಿಜ ಹೇಳಿದರೆ ಐವರು ಹೋಗುತ್ತಾರೆ, ಸುಮ್ಮನಿದ್ದರೆ ಅವಳು ಹೋಗುತ್ತಾಳೆ. ಇಷ್ಟು ಮಾತ್ರ ತಲೆಯಲ್ಲಿ ತಿರುಗುತ್ತಿದ್ದದ್ದು ಖಂಡಿತ.

ಸೋಮವಾರ ಹಾಜರಿಗೆ ಮೊದಲೇ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದೆ: “ಆ ಹಾಳೆ ಸುಳ್ಳು ಸರ್. ಬಿಸಿಲಿಗೆ ನಿಲ್ಲಲಾಗದೆ ಎಷ್ಟೋ ಮಧ್ಯಾಹ್ನ ಮನೆಗೆ ಹೋಗಿ ಮಲಗಿದ್ದೇನೆ. ಅರ್ಧಕ್ಕರ್ಧ ಲೆಕ್ಕ ಅತ್ತೆ ಮನೆ ಕಟ್ಟೆ ಮೇಲೆ ಕೂತು ಅಂದಾಜಿನಲ್ಲಿ ತುಂಬಿದ್ದು.”

ಅವರು ನನ್ನ ಮುಖವನ್ನೇ ನೋಡಿದರು. “ಆ ಮುದುಕಿ ಅತ್ತಳೇನು ನಿಮ್ಮ ಮುಂದ?”

“ಇಲ್ಲ.”

“ನಾ ಇದನ್ನ ನಂಬಿ ಒಬ್ಬಾಕಿನ ತೆಗೆದಿದ್ರ, ಆಮ್ಯಾಲೆ ವ್ಯಾಗನ್ ತುಂಬೋದು ತಡ ಆದ್ರ ಯಾರ ಕುತ್ತಿಗಿಗೆ ಬರ್ತಿತ್ತು?” ಅವರು ಕಾಗದ, ಮಸಿಕುಡಿಕೆ ನನ್ನ ಮುಂದೆ ತಳ್ಳಿದರು. “ಬಾಯಿಮಾತು ಬ್ಯಾಡ. ಬರ್ದು ಕೊಡ್ರಿ. ನಿಮ್ಮ ಮಾಸ್ತರರಿಗೂ ಒಂದು ಪ್ರತಿ ಹೋಗ್ಲಿ. ಎಂಥಾ ಹುಡುಗರ್ನ ಕಳಸ್ಯಾರ ಅಂತ ಗೊತ್ತಾಗ್ಲಿ.”

ಬರೆದೆ. ಎರಡು ಸಲ ಬರೆದೆ, ಎರಡಕ್ಕೂ ಸಹಿ ಹಾಕಿದೆ. ಮೇಸ್ತ್ರಿ ಹೊರಗೆ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ಮ್ಯಾನೇಜರು ಬಾಗಿಲಿಗೆ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಮೇಸ್ತ್ರಿ ಒಂದು, ಎರಡು, ಮೂರು ಎಂದು ಕೂಗಿದ. ಆಮೇಲೆ ಪುಸ್ತಕ ಕೆಳಗಿಟ್ಟು ಎಲೆಅಡಿಕೆ ಉಗುಳಿ ಬಂದ. ಆ ಹೊತ್ತನ್ನು ಗಡಿಯಾರದಲ್ಲಿ ಅಳೆದಿದ್ದರೆ ಕಾಲು ನಿಮಿಷವೂ ಆಗುತ್ತಿರಲಿಲ್ಲ. ಬಂದು, ನಾಲ್ಕು ಎಂದ.

“ಅದೀನ್ರಿ.”

ಮೇಸ್ತ್ರಿ ಐದು, ಆರನ್ನೂ ಕೂಗಿದ. ಅವಳು ಕಲ್ಲಿನ ರಾಶಿಯ ಕಡೆ ಹೋಗುವಾಗ ನನ್ನ ಹತ್ತಿರ ನಿಧಾನಿಸಿದಳು. ಕೋಣೆಯೊಳಗಿನ ಮಾತು ಹೊರಗೆ ಕೇಳಿಸಿತ್ತೇನೋ, ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು. “ಮನ್ಯಾಗ ಕುಂತು ಬರ್ದಿದ್ದು ಖರೇನ ಏನ್ರಿ?”

“ಇಲ್ಲವ್ವ. ಹಂಗಂತ ಹೇಳಿದೆ, ಅಷ್ಟೆ.”

“ಹಂಗಂದ್ರ ನನ್ನ ಬುಟ್ಟಿ ಅಷ್ಟ ಆಗಿದ್ದು ಖರೇ.” ಅವಳ ಮುಖ ಸಪ್ಪಗಾಯಿತು. “ಭಾಳ ಕಡಿಮಿ ಆದ್ವಲ್ರಿ. ಇಷ್ಟು ಕಡಿಮಿ ಅಂತ ನಾನೂ ತಿಳಿದಿರಲಿಲ್ಲ.” ಸೆರಗು ಬಿಗಿದುಕೊಂಡು ಸಾಲಿಗೆ ಹೋಗಿ ಕೂತಳು. ನಾನು ಮತ್ತೆ ಆ ಯಾರ್ಡಿನೊಳಗೆ ಕಾಲಿಡಲಿಲ್ಲ. ಒಬ್ಬಳನ್ನು ತೆಗೆಯಿರಿ ಎಂಬ ಮೇಲಿನವರ ಮಾತು ಏನಾಯಿತೋ, ಅವಳು ಇನ್ನೆಷ್ಟು ದಿನ ಅಲ್ಲಿದ್ದಳೋ ಗೊತ್ತಿಲ್ಲ.

ರಜೆ ಮುಗಿದು ಮದರಾಸಿಗೆ ಹೋದಾಗ ನಮ್ಮ ಪ್ರೊಫೆಸರರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ನಾನು ಮೊದಲೇ ಟಪಾಲಿನಲ್ಲಿ ಕಳಿಸಿದ್ದ ಬುಟ್ಟಿಗಳ ಲೆಕ್ಕದ ಪ್ರತಿ, ಇನ್ನೊಂದು ಅದು ಸುಳ್ಳೆಂದು ನಾನೇ ಬರೆದುಕೊಟ್ಟದ್ದು. ಅವರು ಕೋಪಿಷ್ಠರಲ್ಲ. “ನೀನು ಹೀಗೆ ಮಾಡುವವನಲ್ಲ. ಒತ್ತಾಯದಿಂದ ಬರೆಸಿಕೊಂಡಿದ್ದರೆ ಹೇಳು, ಇವತ್ತೇ ಆ ಮ್ಯಾನೇಜರಿಗೆ ಕಾಗದ ಬರೆಯುತ್ತೇನೆ. ಇವೆರಡರಲ್ಲಿ ಯಾವುದು ಸುಳ್ಳು?” ಎಂದರು.

ಅವರ ಕಾಗದ ಹೊಸಪೇಟೆ ಮುಟ್ಟಿದರೆ ನಾಲ್ಕನೇ ಸಾಲು ಮತ್ತೆ ನಿಜವಾಗುತ್ತಿತ್ತು. ನಾನು ಬುಟ್ಟಿಗಳ ಲೆಕ್ಕದ ಮೇಲೆ ಬೆರಳಿಟ್ಟೆ. ಅವರು ಅದನ್ನು ಹರಿದು, ಆ ವರ್ಷ ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು.

ಅಲ್ಲಿಂದಾಚೆಗೆ ಆ ಎರಡು ವಾರಗಳನ್ನು ನೆನೆದರೆ ಯಾರ್ಡಿನ ಕಂಬಕ್ಕೆ ಒರಗಿ ನಿಂತ ನಾನೂ ಕಾಣುತ್ತೇನೆ, ಅತ್ತೆ ಮನೆಯ ಕಟ್ಟೆಯ ಮೇಲೆ ತೂಕಡಿಸುತ್ತ ಗೀಟು ಎಳೆಯುವ ನಾನೂ ಕಾಣುತ್ತೇನೆ. ಎರಡನೆಯದು ನಾನೇ ಕಟ್ಟಿದ ಕತೆ. ಆದರೂ ಆ ಕಟ್ಟೆಯ ಕಲ್ಲು ಬೆನ್ನಿಗೆ ತಣ್ಣಗೆ ತಗುಲುತ್ತಿದ್ದದ್ದು ನೆನಪಾಗುತ್ತದೆ. ಪ್ರೊಫೆಸರರ ಮುಂದೆ ಬೆರಳಿಡುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ಯಾಕೆ ಅನಿಸಲಿಲ್ಲ ಎಂಬುದೇ ಈಗ ನನ್ನನ್ನು ಕಾಡುವುದು.