ಮನೆ ಮಾರುವಾಗ ನಾನು ಹೇಳದ ಮಾತು

ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮರುವರ್ಷದ ಬೇಸಿಗೆಯಲ್ಲಿ ನಡೆದದ್ದು ಇದು. ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ನನ್ನ ಹೆಂಡತಿ ಗೌರಮ್ಮ, "ಬರೀರಿ, ಬರದ್ರ ಒಸಿ ಅಗುರಾಯ್ತದ" ಎಂದಳು. ಹಗುರವಾಗುತ್ತದೆಯೋ ಇಲ್ಲವೋ ಗೊತ್ತಿಲ್ಲ.

ನಮ್ಮೂರು ತಿಗನಾರೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ, ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸುತ್ತಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದೆ. ಕಡಲ ಹತ್ತಿರ ಒಂದು ಸಣ್ಣ ಮನೆ ಮಾಡಿಕೊಂಡು ಉಳಿದ ದಿನ ಕಳೆಯಬೇಕೆಂಬುದು ನನ್ನ ಹಳೆಯ ಆಸೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಎರಡು ಸಲ ಕಡಲ ದಂಡೆಯಲ್ಲಿ ನಿಂತಿದ್ದೆ. ಎರಡು ಸಲವೂ ಯಾವ ಮಗು ನೀರಿಗಿಳಿಯಿತೋ ಎಂದು ತಲೆ ಎಣಿಸುವುದರಲ್ಲೇ ಹೊತ್ತು ಹೋಗಿ, ಕಡಲನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನಮ್ಮ ಒಬ್ಬಳೇ ಮಗಳನ್ನು ಕುಂದಾಪುರದ ಕಡೆ ಕೊಟ್ಟಿದ್ದೇವೆ. ಗೌರಮ್ಮನಿಗೆ ಮಂಡಿನೋವು, ನಮ್ಮ ಬೆಟ್ಟದ ಚಳಿಗೆ ಬೆಳಿಗ್ಗೆ ಎದ್ದು ನಿಲ್ಲುವುದೇ ಕಷ್ಟ. ಬೆಚ್ಚಗಿನ ಊರು, ಮಗಳು ಹತ್ತಿರ, ಎದುರಿಗೆ ಕಡಲು. ಇನ್ನೇನು ಬೇಕು ಎಂದುಕೊಂಡೆ.

ಅದಕ್ಕೆ ಮೊದಲು ಇಲ್ಲಿನ ಮನೆ ಮಾರಬೇಕಿತ್ತು. ನಮ್ಮದು ಊರಿನ ಕೊನೆಯ ಮನೆ. ಮನೆಯ ಹಿಂದೆ ಎರಡು ಎಕರೆ ಹೊಲ, ಹೊಲದ ಆಚೆ ಆನೆ ಕಂದಕ, ಕಂದಕದ ಆಚೆ ಕಾಡು. ಕಂದಕ ಮಳೆಗೆ ಎರಡು ಕಡೆ ಕುಸಿದಿತ್ತು. ಹಿಂದಿನ ವರ್ಷ ಒಂದು ಒಂಟಿ ಆನೆ ಅಲ್ಲಿಂದಲೇ ದಾಟಿ ಬಂದು, ರಾಗಿ ಮೂಟೆಯ ವಾಸನೆಗೆ ನಮ್ಮ ಅಡುಗೆಮನೆಯ ಗೋಡೆ ಕೆಡವಿತ್ತು. ಆವತ್ತು ನಾವಿಬ್ಬರೂ ಮುಂಬಾಗಿಲಿನಿಂದ ಓಡಿ ಪಕ್ಕದ ಮಾದೇವಪ್ಪನ ಮನೆ ಸೇರಿಕೊಂಡಿದ್ದೆವು. ಆಮೇಲೆ ಗೋಡೆ ಕಟ್ಟಿಸಿ, ಗಾರೆ ಮಾಡಿಸಿ, ಹಸಿರು ಬಣ್ಣ ಹೊಡೆಸಿದೆ. ಹೊಸಬರಿಗೆ ಗುರುತೇ ಸಿಗುತ್ತಿರಲಿಲ್ಲ.

ಮನೆ ನೋಡಲು ಬಂದವರು ತಿರುಪ್ಪೂರಿನ ಸೆಲ್ವರಾಜ್ ಮತ್ತು ಅವರ ಹೆಂಡತಿ. ಸೆಲ್ವರಾಜ್ ಬನಿಯನ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಅಲ್ಲೇ ದುಡಿಯುತ್ತಿದ್ದ ಆಕೆಗೆ ಹತ್ತಿಯ ದೂಳು ಕುಡಿದು ಕುಡಿದು ಉಸಿರಾಟದ ತೊಂದರೆ ಬಂದಿತ್ತು. ಒಳ್ಳೆಯ ಗಾಳಿ ಇರುವ ಕಡೆ ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ. ಆಕೆ ನಮ್ಮ ಜಗಲಿಯ ಮೇಲೆ ಕುಳಿತು, ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ತೆಗೆದು, ಉದ್ದಕ್ಕೆ ಒಮ್ಮೆ ಉಸಿರೆಳೆದುಕೊಂಡು ಗಂಡನ ಕಡೆ ನೋಡಿ ನಕ್ಕರು.

ಸೆಲ್ವರಾಜ್ ಹೊಲವೆಲ್ಲ ಸುತ್ತಿ ಬಂದು ತಮಿಳಿನಲ್ಲಿ ಕೇಳಿದರು: "ಸಾರ್, ಇಲ್ಲಿ ಆನೆ ಕಾಟ ಇದೆಯಾ?"

ನಾನೂ ತಮಿಳಿನಲ್ಲೇ ಹೇಳಿದೆ: "ಮೊದಲೆಲ್ಲ ಬರುತ್ತಿದ್ದವು. ಈಗ ಕಂದಕ ಇದೆಯಲ್ಲ, ಈ ಕಡೆ ಬರುವುದಿಲ್ಲ."

ಮಾದೇವಪ್ಪ ಅಲ್ಲೇ ಜಗಲಿಯ ತುದಿಯಲ್ಲಿ ಕುಳಿತಿದ್ದ. ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ಕಾಫಿ ತಂದ ಗೌರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಸೆಲ್ವರಾಜ್ ಅವರ ಹೆಂಡತಿ ಮಾತ್ರ, "ವಾತಿಯಾರ್ ಹೇಳಿದ ಮೇಲೆ ಇನ್ನೇನು" ಎಂದರು. ಮೇಷ್ಟ್ರು ಹೇಳಿದ ಮೇಲೆ ಇನ್ನೇನು!

ಅವರು ಹೋದ ಮೇಲೆ ಗೌರಮ್ಮ ಕೇಳಿದಳು: "ಆನ ಬರಲ್ಲ ಅಂದ್ಬುಟ್ರಲ್ಲ. ಓದೊರ್ಸ ಅಡ್ಗಮನ ಗ್ವಾಡ ಕೆಡವುದ್ದು ಆನ ಅಲ್ದೆ ನಾನಾ?"

"ನಿಜ ಏಳುದ್ರ ಈ ಜಾಗ ಯಾರ್ ತಕ್ಕಂಡರು? ಸುಮ್ನಿರು" ಎಂದು ಗದರಿಸಿದೆ.

ಮಾತುಕತೆ ಮುಗಿಯಿತು. ಪತ್ರ ಬರೆಸುವುದೊಂದೇ ಬಾಕಿ. ಅಷ್ಟರಲ್ಲಿ ಕುಂದಾಪುರದ ಅಳಿಯ, ಕಡಲ ಪಕ್ಕದಲ್ಲೇ ಒಂದು ಮನೆ ಇದೆ, ಬಂದು ನೋಡಿ ಎಂದ. ಹೊರಡುವ ಮೊದಲು ನಾನು ದೊಡ್ಡ ಮನಸ್ಸು ಮಾಡಿದವನಂತೆ ಸೆಲ್ವರಾಜ್ ಅವರನ್ನು ಕರೆಸಿ ಬೀಗದ ಕೈ ಕೊಟ್ಟೆ. "ನಾವು ಬರುವವರೆಗೂ ನೀವಿಬ್ಬರೂ ಇಲ್ಲೇ ಇರಿ. ಗಾಳಿ ಒಗ್ಗುತ್ತದಾ ನೋಡಿ" ಎಂದೆ. ಫಸಲು ಕೊಯ್ದಾಗಿದೆ, ನಾಲ್ಕು ದಿನದಲ್ಲಿ ಏನಾಗಿಬಿಡುತ್ತದೆ ಎಂಬುದು ನನ್ನ ಲೆಕ್ಕಾಚಾರ. ಹಿತ್ತಲಿನ ಹಲಸಿನ ಮರದಲ್ಲಿ ಕಾಯಿ ಬಲಿಯುತ್ತಿದ್ದುದು ನನಗೆ ಕಾಣದೆ ಇರಲಿಲ್ಲ.

ಕಡಲ ಮನೆ ನಾನು ಮನಸ್ಸಿನಲ್ಲಿ ಕಂಡಂತೆಯೇ ಇತ್ತು. ಹೆಂಚಿನ ಮನೆ, ಮುಂದೆ ಮರಳು ಅಂಗಳ, ಅದರಾಚೆ ನಾಲ್ಕೈದು ತೆಂಗಿನ ಮರ, ಮತ್ತೆ ಕಡಲೇ. ಮೀನು ತಿನ್ನದ ನಮಗೆ ಅಲ್ಲಿನ ವಾಸನೆ ಸ್ವಲ್ಪ ಕಸಿವಿಸಿಯೆನಿಸಿದರೂ ನಾನು ಅದನ್ನೆಲ್ಲ ಮರೆತು ನಿಂತುಬಿಟ್ಟೆ. ಯಾವ ಮಗುವಿನ ತಲೆಯನ್ನೂ ಎಣಿಸಬೇಕಾಗಿರಲಿಲ್ಲ. ಮನೆಯ ಒಡತಿ ಗುಲಾಬಿ ಎಂಬ ಹೆಂಗಸು. ಎಪ್ಪತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮನೆ ಮಾರಿ ಪೇಟೆಯಲ್ಲಿರುವ ತಂಗಿಯ ಜೊತೆ ಇರಬೇಕೆಂದಿದ್ದರು. ನಮ್ಮೊಂದಿಗೆ ಅಳಿಯನೂ ಅವನು ಕರೆತಂದ ಬ್ರೋಕರೂ ಇದ್ದರು. ಬ್ರೋಕರು ಮನೆಯನ್ನು ಹೊಗಳಿದ್ದೇ ಹೊಗಳಿದ್ದು. ನಾನು ಆಗಲೇ ಒಪ್ಪಿಕೊಂಡು ಮಾತಿಗೆ ಕೂತಿದ್ದೆ.

ಗುಲಾಬಿಯಮ್ಮ ಬಾವಿಯಿಂದ ನೀರು ಸೇದಿ, ಎರಡು ಲೋಟದಲ್ಲಿ ತಂದು ನಮ್ಮ ಮುಂದಿಟ್ಟರು. "ಮಾಸ್ಟ್ರೆ, ಈ ನೀರ್ ಕುಡ್ದ್ ಕಾಣಿ" ಎಂದರು.

ಕುಡಿದೆ. ಬಾಯಿಗಿಡಲಾಗದಷ್ಟು ಉಪ್ಪು.

"ಬ್ಯಾಸಿಗಿ ಮುಗಿಯುವರೆಗೂ ಹೀಂಗೇ. ಮಳಿಗಾಲಕ್ಕೆ ಕಡಲ್ ಈ ಅಂಗಳಕ್ಕೇ ಬತ್ತ್. ಆ ತೆಂಗಿನ ಮರದ ಆಚಿಗೆ ಇನ್ನೊಂದ್ ಸಾಲ್ ಮರ ಇದ್ದಿತ್ತ್. ಕಡಲ್ ತಿಂದ್ ಹೋಯ್ತ್" ಎಂದರು.

ಬ್ರೋಕರಿಗೆ ಸಿಟ್ಟು ಬಂತು. "ಗುಲಾಬಕ್ಕ, ಅದೆಲ್ಲ ಈಗ ಎಂತಕ್ಕೆ? ಇದೇ ಮಾತು ಹೇಳಿ ಹೋದ ತಿಂಗಳು ಬಂದವರನ್ನೂ ಓಡಿಸಿದ್ರಿ."

"ಅವ್ರ್ ಇಲ್ಲಿ ಮನಿಕಂಬುಕ್ ಬಪ್ಪುದಲ್ದಾ? ನಾನ್ ಹೇಳ್ದೆ ಇನ್ ಯಾರ್ ಹೇಳ್ತ್ರ್?" ಎಂದರು ಆಕೆ. ಇಲ್ಲಿ ಮಲಗುವವರು ಅವರು, ನಾನಲ್ಲದೆ ಇನ್ಯಾರು ಹೇಳುತ್ತಾರೆ ಎಂದು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಾನೇನೋ ದೊಡ್ಡದು ಮಾಡುತ್ತಿದ್ದೇನೆ ಎಂಬುದೂ ಇರಲಿಲ್ಲ. ಖಾಲಿ ಲೋಟ ಎತ್ತಿಕೊಳ್ಳುತ್ತಾ ಹೇಳಿದ ಮಾತು ಅದು.

ಗೌರಮ್ಮನ ಕಡೆ ನೋಡಲಾರದೆ ಕಡಲನ್ನೇ ನೋಡುತ್ತಾ ಕುಳಿತೆ. ಆಗ ಗೌರಮ್ಮ, ನನ್ನನ್ನು ಕೇಳದೆ ಹೊರಗಿನವರೊಂದಿಗೆ ಮಾತೇ ಆಡದ ಗೌರಮ್ಮ, ಅಳಿಯನ ಎದುರು, ಆ ಬ್ರೋಕರಿನ ಎದುರು ಹೇಳಿಬಿಟ್ಟಳು:

"ನಾವ್ ನಮ್ಮನ ಮಾರಾಗ ಇಂಗ ಏಳ್ನಿಲ್ಲ ಕಣವ್ವ. ಆನ ಬಂದು ಗ್ವಾಡ ಕೆಡವಿತ್ತು. ಆನ ಬರಲ್ಲ ಅಂದ್ಬುಟ್ಟೊ."

ಸುಳ್ಳು ಹೇಳಿದ್ದು ನಾನು. ಅವಳು 'ನಾವು' ಎಂದಳು.

ಅಳಿಯ ಎದ್ದು ಅಂಗಳಕ್ಕೆ ಹೋದ. ಗುಲಾಬಿಯಮ್ಮ ನನ್ನನ್ನು ನೋಡಲಿಲ್ಲ, ಗೌರಮ್ಮನ ಪಕ್ಕದಲ್ಲಿ ಕುಳಿತು, "ಹೇಳುಕೆ ಇನ್ನೂ ಹೊತ್ತಿತ್ತಲ್ದಾ? ಒಂದ್ ಫೋನ್ ಮಾಡಿ" ಎಂದರಷ್ಟೆ.

ಹೊರಗೆ ಬಂದು ಸೆಲ್ವರಾಜ್ ಅವರಿಗೆ ಫೋನು ಮಾಡಿದೆ. ಹತ್ತಲಿಲ್ಲ. ನಮ್ಮ ಮನೆಯ ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಸಂಜೆಯೊಳಗೆ ಏಳೆಂಟು ಸಲ ಮಾಡಿದೆ. ಮಾದೇವಪ್ಪನ ನಂಬರೂ ನನ್ನ ಫೋನಿನಲ್ಲಿತ್ತು. ಅವನು ಯಾವಾಗಲೂ ಹೊಲದಲ್ಲಿರುವವನು, ಮಾಡಿದ್ದರೆ ಸಿಗುತ್ತಿದ್ದ. 'ಅವರನ್ನು ನಿನ್ನ ಮನೆಗೆ ಕರೆದುಕೋ, ಅಲ್ಲಿ ಮಲಗಿಸಬೇಡ' ಎಂದು ಒಂದು ಮಾತು ಸಾಕಿತ್ತು. ಮಾಡಲಿಲ್ಲ. ನಾನು ಸುಳ್ಳು ಹೇಳುವಾಗ ಎದುರಿಗಿದ್ದವನು ಅವನು. ಈಗ ಅವನ ಬಾಯಿಂದಲೇ ನಿಜ ಹೇಳಿಸಬೇಕೆಂದರೆ ನನ್ನ ಮರ್ಯಾದೆ ಏನಾಗಬೇಕು ಎಂದುಕೊಂಡೆ. ಆನೆ ಬರುವುದಿಲ್ಲ ಎಂದ ಸುಳ್ಳು ಬಾಯಿತಪ್ಪಿ ಬಂದದ್ದೆಂದು ಬೇಕಾದರೆ ಹೇಳಿಕೊಳ್ಳಬಹುದು. ಇದು ಹಾಗಲ್ಲ. ಅರ್ಧ ದಿನ ಫೋನನ್ನು ಕೈಯಲ್ಲಿ ಹಿಡಿದು, ಯೋಚನೆ ಮಾಡಿ, ಮಾಡದೆ ಬಿಟ್ಟದ್ದು.

ನಾವೇ ಹೋಗಿ ಹೇಳಿಬಿಡೋಣ ಎಂದು ಅಂದೇ ಬಸ್ಸು ಹತ್ತಿದೆವು. ಮೈಸೂರು, ಚಾಮರಾಜನಗರ, ಅಲ್ಲಿಂದ ತಾಳವಾಡಿ. ಮರುದಿನ ಮಧ್ಯಾಹ್ನ ಊರು ಮುಟ್ಟಿದಾಗ ನಮ್ಮ ಮನೆಯ ಮುಂದೆ ಜನ ನಿಂತಿದ್ದರು.

ಹಿಂದಿನ ರಾತ್ರಿ ಆನೆ ಬಂದಿತ್ತು. ಹಲಸಿನ ಮರದ ಕೊಂಬೆಗಳನ್ನೆಲ್ಲ ಮುರಿದು, ಹಸಿರು ಬಣ್ಣದ ಆ ಗೋಡೆಯನ್ನು ಮತ್ತೆ ಕೆಡವಿತ್ತು. ಈ ಸಲ ಅಡುಗೆಮನೆಗೆ ಹೊಂದಿಕೊಂಡ ಕೋಣೆಯ ಗೋಡೆಯೂ ಹೋಗಿತ್ತು. ಸೆಲ್ವರಾಜ್ ದಂಪತಿಗಾಗಿ ಗೌರಮ್ಮ ಹೊಸ ಚಾದರ ಹಾಸಿಟ್ಟಿದ್ದ ಮಂಚದ ಮೇಲೆ ಇಟ್ಟಿಗೆಯ ರಾಶಿ ಬಿದ್ದಿತ್ತು.

"ಅವರು?" ಎಂದೆ.

ಮಾದೇವಪ್ಪ ಹೇಳಿದ: "ಅವ್ರು ನಮ್ಮನೇಲವ್ರ ಕಣಿ ಮೇಷ್ಟ್ರೆ. ನೀವ್ ಓದ್ ದಿಸ್ವೇ ನಾನೇ ಕರ್ಕಂಡ್ಬಂದಿ. ಮಾರೋ ಮಾತ್ಗ ಅಡ್ಡ ಬರ್ಬಾರ್ದು ಅಂತ ಅವತ್ತು ಸುಮ್ನಿದ್ದಿ. ಆದ್ರ ಅಲ್ಲಿ ಮಲಗ್ತರ ಅಂದ್ ಮ್ಯಾಲ ಎಂಗ ಸುಮ್ನಿರದು? ಜೀವ ಓದ್ರ ತಂದ್ಕೊಡಕ್ಕಾದ್ದಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅವನ ಮನೆಯ ಒಳಗೆ ಸೆಲ್ವರಾಜ್ ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ರಾತ್ರಿಯ ಗದ್ದಲಕ್ಕೆ ಹೆದರಿ ಉಸಿರಾಟ ಕೆಟ್ಟು, ಇನ್ನೂ ಏದುಸಿರು ಬಿಡುತ್ತಿದ್ದರು. ನಾನು ಕೈಮುಗಿದು ನಿಂತೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವನಿಗೆ, "ತಪ್ಪಾಯಿತು" ಎಂಬುದಕ್ಕಿಂತ ಹೆಚ್ಚು ಏನೂ ಬರಲಿಲ್ಲ.

ಸೆಲ್ವರಾಜ್ ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಗೌರಮ್ಮನ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: "ಸಾರ್, ನೀವು ಒಂದು ಮಾತು ಹೇಳಿದ್ದರೂ ನಾವು ಈ ಮನೆ ತೆಗೆದುಕೊಳ್ಳುತ್ತಿದ್ದೆವೋ ಏನೋ. ಮಾದೇವಪ್ಪಣ್ಣನಂಥವರು ಇಲ್ಲೇ ಬದುಕುತ್ತಿಲ್ಲವೇ? ಆನೆ ಬಂದರೆ ಏನು ಮಾಡಬೇಕು ಅಂತ ಕಲಿಯಬಹುದು. ಈಗ ನನಗೆ ಆನೆಯ ಭಯ ಅಲ್ಲ. ನೀವು ಇನ್ನೂ ಏನೇನು ಹೇಳದೆ ಇಟ್ಟುಕೊಂಡಿದ್ದೀರೋ ಅನ್ನೋ ಭಯ."

ನಾನು ಇನ್ನೇನೂ ಮುಚ್ಚಿಟ್ಟಿರಲಿಲ್ಲ. ಆದರೆ ಹಾಗೆಂದು ಹೇಳಿ, ನಂಬಿ ಎನ್ನುವ ಬಾಯಿ ನನಗಿರಲಿಲ್ಲ.

ಅವರು ಅಂದೇ ಸಂಜೆಯ ಬಸ್ಸಿಗೆ ಹೊರಟರು. ಗೌರಮ್ಮ ಆಕೆಯ ಚೀಲ ಹಿಡಿದುಕೊಂಡು, ನೋಯುವ ಮಂಡಿಯಲ್ಲೇ ಬಸ್ಸಿನವರೆಗೂ ಹೋಗಿ ಬಂದಳು. ನನಗೆ ಜೊತೆಗೆ ಹೋಗಲು ಧೈರ್ಯವಾಗಲಿಲ್ಲ. ಕೆಲವು ತಿಂಗಳಾದ ಮೇಲೆ ಅವರು ತಾಳವಾಡಿ ಹತ್ತಿರದ ಪಣಕಹಳ್ಳಿಯಲ್ಲಿ ಊರ ನಡುವೆಯೇ ಒಂದು ಮನೆ ಕೊಂಡುಕೊಂಡರೆಂದು ಮಾದೇವಪ್ಪನಿಂದ ತಿಳಿಯಿತು. ಆಕೆಯ ಉಸಿರಾಟ ಈಗ ಎಷ್ಟೋ ಸುಧಾರಿಸಿದೆಯಂತೆ. ನಾವು ಗೋಡೆ ಕಟ್ಟಿಸಿಕೊಂಡು ಇದ್ದಲ್ಲೇ ಇದ್ದೇವೆ. ಆಮೇಲೆ ಮನೆ ನೋಡಲು ಇಬ್ಬರು ಬಂದರು. ಇಬ್ಬರಿಗೂ ಮೊದಲು ಕಂದಕ ಕುಸಿದ ಜಾಗವನ್ನೇ ಕರೆದುಕೊಂಡು ಹೋಗಿ ತೋರಿಸಿದೆ. ಇಬ್ಬರೂ ತಿರುಗಿ ಬರಲಿಲ್ಲ. ಕಡಲ ಮನೆಯ ಮಾತನ್ನು ನಾನು ಮತ್ತೆ ಎತ್ತಿಲ್ಲ.

ಹೋದ ತಿಂಗಳು ತಾಳವಾಡಿ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಅಂಗಡಿಯ ಹೆಣ್ಣುಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಪಕ್ಕದಲ್ಲಿ ಯಾರೋ ಬೀನ್ಸ್ ಮುರಿದು ನೋಡುತ್ತಾ, ಇದು ಇವತ್ತು ಕಿತ್ತದ್ದೋ ನಿನ್ನೆಯದೋ ಎಂದು ಕೇಳುತ್ತಿದ್ದರು. ತಲೆಯೆತ್ತಿದರೆ ಸೆಲ್ವರಾಜ್.

ಆ ಹುಡುಗಿ ನಗುತ್ತಾ, "ನಾ ಸುಳ್ಳೇಳಲ್ಲ ಕಣಣ್ಣ. ಬೇಕಾರ ನಮ್ಮೇಷ್ಟ್ರ ಕೇಳಿ. ಸುಳ್ಳೇಳ್ಬಾರ್ದು ಅಂತ ಬೆತ್ತ ತಕ್ಕಂಡು ಕಲಿಸ್ದವ್ರೇ ಇವ್ರು" ಎಂದಳು.

ನಾನು ಚೀಲದ ಬಾಯಿ ಹಿಡಿದುಕೊಂಡು ನಿಂತೆ. ಸುತ್ತ ನಾಲ್ಕೈದು ಜನ ನಮ್ಮ ಊರಿನವರೇ ಇದ್ದರು. ಸೆಲ್ವರಾಜ್ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, ಈಗೀಗ ಕಲಿತ ಕನ್ನಡದಲ್ಲಿ, "ಗೊತ್ತಮ್ಮ, ಮೇಷ್ಟ್ರು ನಂಗೆ ಗೊತ್ತು" ಎಂದು, ಬೀನ್ಸ್ ತೂಗಿಸಿಕೊಂಡು ಹೊರಟುಹೋದರು.